ಉಪ್ಪು ನೋಡುವ ಕೆಲಸ

ಬೆಳಗಿನ ನಾಲ್ಕಕ್ಕೆ ನೀರಿಗೆ ಉಸಿರು ಸಾಲುವುದಿಲ್ಲ.
ಇಷ್ಟನ್ನು ಕಲಿಯಲು ನನಗೆ ಮುನ್ನೂರು ಮೀನು ಖರ್ಚಾದವು.
ಗಾಳಿ ಬೀಸಿದ ಕಡೆಯ ದಂಡೆಗೆ
ಹೊಟ್ಟೆ ಮೇಲಾಗಿ, ಬೆಳ್ಳಗೆ,
ಯಾರೋ ಒಗೆದು ಹರವಿ ಮರೆತ ಕರವಸ್ತ್ರಗಳು.
ಈಗ ಮೂರೂವರೆಗೇ ಏಳುತ್ತೇನೆ.
ಟಾರ್ಚು ಹಾಯಿಸಿ ಬಾಯಿ ಎಣಿಸುತ್ತೇನೆ.
ಹತ್ತು ಬಾಯಿ ಮೇಲೆ ಬಂದವೋ, ನೀರು ಕಡೆಯುವ ಚಕ್ರ ಹಾಕಬೇಕು,
ಡೀಸೆಲ್ಲಿನ ಲೆಕ್ಕ ಬೆಳಕು ಹರಿದ ಮೇಲೆ.

ಚೋಡಣ ದ್ವೀಪದ ಈ ಖಾಜನ
ಎರಡೆಕರೆ ಕೆಸರು, ಒಂದು ಮಾನಸ.
ಮಾನಸವೆಂದರೆ ಇಲ್ಲಿ ಮನಸ್ಸಲ್ಲ:
ಹೊಳೆ ಏರಿದಾಗ ತಾನೇ ಮುಚ್ಚಿ
ಇಳಿದಾಗ ತಾನೇ ತೆರೆಯುವ ಮರದ ಬಾಗಿಲು.
ಹೊಸ ನೀರು ಬೇಕಾದರೆ ಮಾತ್ರ
ಭರತದ ಹೊತ್ತಿಗೆ ಕಾದು, ಹಲಗೆಯನ್ನು ಕೈಯಾರೆ ಎತ್ತಬೇಕು.
ನಲವತ್ತು ವರ್ಷ ಎತ್ತಿದ ಕಾಯ್ತಾನಜ್ಜ
ಎಷ್ಟು ಎತ್ತಬೇಕೆಂದು ಬೆರಳಿನಲ್ಲಿ ಹೇಳುತ್ತಾನೆ.

ತರಬೇತಿಯಲ್ಲಿ ನನಗೊಂದು ಉಪ್ಪಳೆಯುವ ದುರ್ಬೀನು ಕೊಟ್ಟಿದ್ದರು.
ಅಜ್ಜ ಅದನ್ನು ಇಸಿದುಕೊಂಡು
ಹೊಳೆಯಾಚೆ ರಿಬಂದರಿನ ಫೆರಿ ಕಾಣುತ್ತದೋ ಎಂದು ನೋಡಿದ.
'ಮೊದಲು ನಾಲಗೆ,' ಅಂದ.
ಅಂದಿನಿಂದ ದಿನಾ ಒಂದು ಹನಿ.
ಹುಣ್ಣಿಮೆಯ ನೀರು ಬೇರೆ, ಮೊದಲ ಮಳೆಯ ನೀರು ಬೇರೆ,
ಮೇಲುಗಡೆ ಯಾರೋ ಗದ್ದೆಗೆ ಎಣ್ಣೆ ಹೊಡೆದ ದಿನ
ತುದಿನಾಲಗೆಗೆ ಸಣ್ಣಗೆ ಜೋಮು.

ಹೀಗೆ ನೀರು ಗೊತ್ತು. ಮೀನು ಗೊತ್ತಿಲ್ಲ.
ರೋಣದ ಕಡೆಯಿಂದ ಇಟ್ಟಿಗೆ ಹೊರಲು ಬಂದು
ಜುವಾರಿನಗರದ ತಗಡಿನ ಕೆಳಗೆ ನನ್ನನ್ನು ಹೆತ್ತ
ಗುರುಸಿದ್ದವ್ವನ ಮಗಳು ನಾನು,
ಕೊರಳಲ್ಲಿ ಲಿಂಗ, ಉಗುರಲ್ಲಿ ಹುರುಪೆ.
ಅವ್ವ ಒಂದೇ ಸಲ ಅಂದಳು:
'ಸಾಕೂದು ಪಾಪ ಅಲ್ಲವಾ.
ಮಾರೂದು ಹೆಂಗಂತ ನನ್ನ ಕೇಳಬ್ಯಾಡ.'
ಗಂಡಿನ ಕಡೆಯವರು ಬಂದಾಗ, ಹುಡುಗಿ ಏನ್ ಮಾಡತಾಳ ಅಂದರೆ,
ಚಹಾ ಸೋಸುತ್ತ, ಮುಖ ಎತ್ತದೆ:
'ನೀರಿನ ಖಾತೆ.'
ಅವರು ಸರಕಾರಿ ನೌಕರಿ ಎಂದೇ ತಿಳಿದರು.
ಹೋಗುವಾಗ ಚಪ್ಪಲಿ ಹತ್ತಿರ ನನ್ನ ಬುಟ್ಟಿ ಮೂಸಿದರು.
ಅಲ್ಲಿಗೆ ಅದು ಮುಗಿಯಿತು.

ಬ್ಯಾಂಕಿನವನು ಕೇಳಿದ, ಕಂತು ತಪ್ಪಿದರೆ
ಈಜುವುದನ್ನು ಜಪ್ತಿ ಮಾಡುವುದು ಹೇಗೆ?
ನನಗೂ ಗೊತ್ತಿರಲಿಲ್ಲ. ಅವ್ವನ ಬೋರಮಾಳ ಒತ್ತೆಯಿಟ್ಟೆ.

ಮರಿಗಳು ರಾತ್ರಿ ಬಸ್ಸಿನಲ್ಲಿ ಬಂದವು,
ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ, ಒಂದೊಂದು ಬೆರಳುಗುರಿನಷ್ಟು.
ಚೀಲ ಸಮೇತ ಅರ್ಧ ತಾಸು ಕೆರೆಯಲ್ಲಿ ತೇಲಿಬಿಟ್ಟೆ,
ಒಳಗಿನ ತಂಪು ಹೊರಗಿನ ಬೆಚ್ಚಗೆಯನ್ನು ಮಾತಾಡಿಸಲಿ ಅಂತ.
ಚೊಣಕದ ಜಾತಿ ಇದು. ಒಡಹುಟ್ಟಿದ್ದನ್ನೇ ನುಂಗುತ್ತದೆ.
ಸಿಟ್ಟಿಗಲ್ಲ, ಬಾಯಿ ಹಿಡಿದರೆ ಸಾಕು.
ವಾರಕ್ಕೊಮ್ಮೆ ಜರಡಿ ಹಿಡಿದು
ದೊಡ್ಡವನ್ನು ಆ ಬಲೆಗೆ, ಸಣ್ಣವನ್ನು ಈ ಬಲೆಗೆ.
ಒಮ್ಮೆ ಜ್ವರ ಬಂದು ನಾಲ್ಕು ದಿನ ಮಲಗಿದೆ;
ಎದ್ದು ಎಣಿಸಿದರೆ ಅರ್ಧ ಇದ್ದವು,
ಮತ್ತು ಆ ಅರ್ಧ ಬಹಳ ಚೆನ್ನಾಗಿ ಬೆಳೆದಿದ್ದವು.

ಹದಿನೆಂಟು ತಿಂಗಳಿಗೆ ನೀರು ಇಳಿಸಿ ಬಲೆ ಎಳೆದೆವು.
ನಾನೂರ ಹನ್ನೊಂದು ಕಿಲೋ.
ಹೋಟೆಲಿನವನು ಐಸಿನ ಮೇಲೆ ಸಾಲಾಗಿ ಮಲಗಿಸಿ
ರುಚಿ ಹೇಗೆ ನಿಮ್ಮ ಮಾಲಿಂದು ಎಂದ.
'ತಿಂದವರನ್ನ ಕೇಳ್ರಿ.'
ಅವನು ನಕ್ಕ. ಕಿಲೋಗೆ ಹತ್ತು ರೂಪಾಯಿ ಕಡಿದ.

ಸಂಜೆ ಬರಿದಾದ ಕೆಸರಲ್ಲಿ ಬಕ ನಡೆಯುತ್ತಿತ್ತು.
ಮಾನಸದ ಬುಡದ ಗುಂಡಿಯಲ್ಲಿ ಇನ್ನೂ ಒಂದು,
ಮೊಳದುದ್ದ, ಬಲೆಯನ್ನೂ ಜ್ವರವನ್ನೂ ದಾಟಿ ಬಂದದ್ದು,
ನಿಂತ ನೀರಲ್ಲಿ ಕಿವಿರು ಆಡಿಸುತ್ತಿತ್ತು.
ತೂಗಲಿಲ್ಲ. ಕಾಯ್ತಾನಜ್ಜನ ಮನೆಗೆ ಒಯ್ದುಕೊಟ್ಟೆ.

ಮರುದಿನ ಕೇಳಿದೆ, ಹೇಗಿತ್ತು?
ಹಲ್ಲು ಸೀಳಿಕೊಳ್ಳುತ್ತ ಬಹಳ ಹೊತ್ತು ಯೋಚಿಸಿದ.
'ಉಪ್ಪು ಒಂದು ಬೆರಳು ಕಡಿಮೆ.'

ಸಾರಿನದೋ, ನನ್ನ ಕೆರೆಯದೋ, ಕೇಳಲಿಲ್ಲ.
ಅಮಾವಾಸ್ಯೆಯ ಭರತಕ್ಕೆ
ಹಲಗೆಯನ್ನು ಒಂದು ಬೆರಳು ಹೆಚ್ಚು ಎತ್ತಿದೆ.